ಕತ್ತರಿಯ ಕೀಲು ನೋಡುತ್ತಿದ್ದ ಸುಗುಣಾ ಸಿಸ್ಟರ್

ಸುಗುಣಾ ಸಿಸ್ಟರ್ ಊಟದ ಚಮಚವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪರ್ತ್‌ನ ಮೋರ್ಲಿಯಲ್ಲಿ ನಾವು ಕನ್ನಡದವರು ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಊಟ ಮಾಡುವಾಗ, ಉಳಿದವರ ಕಣ್ಣೆಲ್ಲ ಹೋಳಿಗೆಯ ಮೇಲೆ ತುಪ್ಪ ಎಷ್ಟು ಬಿತ್ತು ಎನ್ನುವುದರ ಮೇಲಿದ್ದರೆ, ಇವರು ಚಮಚವನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿ, ಹಿಡಿ ಹೋಗಿ ಬಟ್ಟಲಿಗೆ ಸೇರುವ ಕತ್ತಿನ ಜಾಗದಲ್ಲಿ ಉಗುರು ಆಡಿಸಿ, ಒಮ್ಮೆ ಮೂಸಿ, ತಟ್ಟೆಯ ಪಕ್ಕಕ್ಕೆ ಇಡುತ್ತಿದ್ದರು. ಆಮೇಲೆ ಊಟವನ್ನು ಕೈಯಲ್ಲೇ ಮಾಡುತ್ತಿದ್ದರು. ಹಾಗಾದರೆ ಚಮಚ ನೋಡಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ, "ಶನಿವಾರ ಬಂತೂಂದ್ರೆ ಮಾರೋಕಿಟ್ಟಿರೋ ಮನೆಗಳನ್ನೆಲ್ಲ ನೋಡ್ಕೊಂಡ್ ಬರ್ತೀರಲ್ಲ, ಎಲ್ಲಾ ಮನೇನೂ ಕೊಂಡ್ಕೊಳ್ತೀರಾ? ಹಂಗೇ ಇದೂ" ಅನ್ನುತ್ತಿದ್ದರು.

ಗಿಡ್ಡ ಹೆಂಗಸು, ಗಟ್ಟಿ ಕಟ್ಟು, ಅರವತ್ತರ ಹತ್ತಿರ ವಯಸ್ಸು. ಮೈಸೂರಿನ ಮಿಷನ್ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದು, ತೊಂಬತ್ತರ ದಶಕದಲ್ಲಿ ಪರ್ತ್‌ಗೆ ಬಂದವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಬ್ರಿಸ್ಬೇನ್ ಕಡೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದಳು. ನನಗೆ ಪರಿಚಯವಾಗುವ ಹೊತ್ತಿಗೆ ಸಿಸ್ಟರ್ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಸಲಕರಣೆಗಳನ್ನು ತೊಳೆದು, ಪರೀಕ್ಷಿಸಿ, ಹಬೆಯಲ್ಲಿ ಬೇಯಿಸಿ ಥಿಯೇಟರಿಗೆ ವಾಪಸು ಕಳಿಸುವ ವಿಭಾಗದ ಇನ್‌ಚಾರ್ಜ್ ಆಗಿದ್ದರು. ಅದು ಆಸ್ಪತ್ರೆಯ ನೆಲಮಾಳಿಗೆ. ಕಿಟಕಿ ಇಲ್ಲ. ರೋಗಿಗಳಿಗೆ ಅಂಥದೊಂದು ಜಾಗ ಇದೆಯೆಂದೇ ಗೊತ್ತಿರುವುದಿಲ್ಲ. ಅಲ್ಲಿಯ ಬಿಳಿಯರು ಅವರನ್ನು ಸಗ್ಸ್ ಎಂದು ಕರೆಯುತ್ತಿದ್ದರು. ನಮ್ಮ ಹುಡುಗರು ಆಂಟಿ ಎಂದರೆ, "ಆಂಟಿ ನಿಮ್ಮ ಪಕ್ಕದ ಮನೇಲಿದ್ದಾಳೆ. ನಾನು ಸಿಸ್ಟರ್" ಎಂದು ತಿದ್ದುತ್ತಿದ್ದರು.

ಒಂದು ಯುಗಾದಿಗೆ ಬೆಂಗಳೂರಿನ ಇಂಜಿನಿಯರ್ ಒಬ್ಬರು ನಗುತ್ತಾ, "ಸಿಸ್ಟರ್, ಅಂದ್ರೆ ನೀವು ಆಸ್ಪತ್ರೆ ಪಾತ್ರೆ ತೊಳೆಯೋ ಡಿಪಾರ್ಟ್‌ಮೆಂಟು ಅನ್ನಿ" ಅಂದರು. ಸಿಸ್ಟರ್ ತಲೆ ಎತ್ತದೆ, "ಹೂಂ ಕಣಪ್ಪ. ಹೋದ್ ವರ್ಷ ನಿನ್ನ ಅಪೆಂಡಿಕ್ಸ್ ತೆಗೆದ್ರಲ್ಲ, ಆ ಪಾತ್ರೆ ನಮ್ಮಲ್ಲೇ ತೊಳೆದಿದ್ದು. ಥ್ಯಾಂಕ್ಸ್ ಏನೂ ಬೇಡ, ಇನ್ನೊಂದು ಹೋಳಿಗೆ ಹಾಕು" ಅಂದರು. ಆತ ಎರಡು ಹಾಕಿದರು.

ಅದೇ ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ ಅವರು ನನ್ನನ್ನು ಕಂಡುಹಿಡಿದಿದ್ದು. ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ನನ್ನನ್ನು ಕೂರಿಸಿದ್ದರು. ಚಾಕು ಮೊಂಡಾಗಿತ್ತು. ನಾನು ಪಿಂಗಾಣಿ ಕಪ್ಪೊಂದನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಚಾಕು ಉಜ್ಜಿ ಸಾಣೆ ಹಿಡಿಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಎಲ್ಲಿ ಕಲಿತಿದ್ದಯ್ಯಾ ಇದನ್ನ?"

"ನಮ್ಮಪ್ಪ ಸಾಣೆ ಹಿಡಿಯೋರು. ನಾನೂ ಅದೇ."

"ಈಗ ಏನ್ ಮಾಡ್ತಿದ್ದೀಯ?"

"ಇಲ್ಲೇ ಮಾಲ್‌ನಲ್ಲಿ ರಾಕಿಗೆ ಡಬ್ಬ ಜೋಡಿಸ್ತೀನಿ."

ಅವರು ಚಾಕುವನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. "ಡಬ್ಬ ಯಾರು ಬೇಕಾದ್ರೂ ಜೋಡಿಸ್ತಾರೆ. ಸೋಮವಾರ ಆರ್ವೊ ನನ್ನ ಆಫೀಸಿಗೆ ಬಾ" ಅಂದರು. ಅಲ್ಲಿಯವರಿಗೆ ಮಧ್ಯಾಹ್ನ ಅಂದರೆ ಆರ್ವೊ. ಸಿಸ್ಟರ್ ಮೈಸೂರು ಕನ್ನಡದ ನಡುವೆ ಅಂಥ ಪದಗಳನ್ನು ಒಗ್ಗರಣೆಗೆ ಸಾಸಿವೆ ಎಸೆದಂತೆ ಎಸೆಯುತ್ತಿದ್ದರು.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವರು ಮಾಡಿದ್ದು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಸಾಣೆಯ ಕಿಡಿ ಹಾರಿ ಹಾರಿ ಅಪ್ಪನ ಕಣ್ಣು ಮಂಜಾದಾಗ ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಮೈಸೂರಿನ ಬೀದಿ ಬೀದಿ ಸುತ್ತಿದೆ. ದರ್ಜಿಗಳ ಕತ್ತರಿ, ಹಜಾಮರ ಕತ್ತಿ, ಹೋಟೆಲ್ ಭಟ್ಟರ ಈಳಿಗೆ, ಎಲ್ಲಕ್ಕೂ ನಂಜುಂಡನೇ ಬೇಕು ಎನ್ನುವಂತೆ ದುಡಿದೆ. ಈ ಮಾತು ಹೇಳುವಾಗ ನನಗೆ ಈಗಲೂ ನಾಚಿಕೆಯಿಲ್ಲ. ಮದುವೆಯಾದದ್ದು ನರ್ಸ್ ಓದಿದ ಸುಧಾಳನ್ನು. ಪರ್ತ್‌ನ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿ ವೀಸಾ ಬಂದಾಗ, ಆ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಹೆಂಡತಿಯ ಅವಲಂಬಿತ ಎಂದಿತ್ತು. ಸುಧಾ ಆ ಪದವನ್ನು ಒಂದು ಸಲವೂ ಬಾಯಿಗೆ ತರಲಿಲ್ಲ. ನಾನು ದಿನವೂ ಅಂದುಕೊಂಡೆ, ಮನಸ್ಸಿನೊಳಗೆ. ಹಾಗಾಗಿ ಆಸ್ಪತ್ರೆಯ ನೀಲಿ ಬಟ್ಟೆ ಹಾಕಿಕೊಂಡ ದಿನ ನಾನು ಎರಡು ಇಂಚು ಎತ್ತರವಾಗಿದ್ದೆ.

ನಮ್ಮ ವಿಭಾಗದಲ್ಲಿ ಎರಡು ಕಡೆ. ಥಿಯೇಟರಿನಿಂದ ರಕ್ತ ಮೆತ್ತಿಕೊಂಡು ಬಂದದ್ದೆಲ್ಲ ಡರ್ಟಿ ಸೈಡಿಗೆ. ಅಲ್ಲಿ ತೊಳೆದದ್ದು ಗೋಡೆಯೊಳಗಿನ ಯಂತ್ರ ಹಾದು ಕ್ಲೀನ್ ಸೈಡಿಗೆ. ಅಲ್ಲಿ ಒಂದೊಂದನ್ನೂ ಭೂತಗನ್ನಡಿಯ ಕೆಳಗೆ ನೋಡಿ, ಪಟ್ಟಿಯ ಪ್ರಕಾರ ಟ್ರೇಗೆ ಜೋಡಿಸಿ, ಸುತ್ತಿ, ಲೇಬಲ್ ಅಂಟಿಸಿ, ನೋಡಿದವರ ಸಹಿ ಹಾಕಿ, ಆಟೋಕ್ಲೇವ್ ಎನ್ನುವ ದೊಡ್ಡ ಹಬೆಪೆಟ್ಟಿಗೆಗೆ ತಳ್ಳುವುದು. ಮೊದಲ ದಿನ ನಾನು ಕತ್ತರಿಯೊಂದನ್ನು ಎತ್ತಿ ಅದರ ಅಂಚು ನೋಡಿದೆ. ನನ್ನ ಕಣ್ಣು ಹೋಗುವುದೇ ಅಲ್ಲಿಗೆ. ಸಿಸ್ಟರ್ ನನ್ನ ಕೈಯನ್ನು ತಿರುಗಿಸಿದರು.

"ಬಾಯಿ ನೋಡ್ಬೇಡ, ಕೀಲು ನೋಡು. ರಕ್ತ ಬಚ್ಚಿಟ್ಕೊಳ್ಳೋದು ಕೀಲಲ್ಲಿ."

"ಕ್ಲೀನಾಗೇ ಇದೆಯಲ್ಲ ಸಿಸ್ಟರ್?"

"ಕ್ಲೀನ್ ಅನ್ನೋ ಪದ ಇಲ್ಲಿ ಆಡ್ಬೇಡ. ಅದು ಕಣ್ಣು ಹೇಳೋ ಮಾತು, ಕಣ್ಣು ಊಟ ಆದ್ಮೇಲೆ ತೂಕಡಿಸ್ಕೊಂಡು ಸುಳ್ಳು ಹೇಳುತ್ತೆ. ತೊಳೆದಾಯ್ತು ಅನ್ನು, ನೋಡಿದ್ದಾಯ್ತು ಅನ್ನು. ಮಾಡಿದ್ದನ್ನ ಮಾತ್ರ ಹೇಳು."

ಕೆಲಸ ಮಾಡುವಾಗ ಅವರು ಮೆಲ್ಲಗೆ ಚರ್ಚಿನ ಹಾಡು ಗುನುಗುತ್ತಿದ್ದರು. ಹಾಡು ನಿಂತರೆ ಎಲ್ಲರೂ ತಲೆ ಎತ್ತುತ್ತಿದ್ದೆವು. ಏನೋ ಸಿಕ್ಕಿದೆ ಎಂದರ್ಥ.

ನಾನು ಬೇಗ ಕಲಿತೆ. ಬರೆಯುವುದೊಂದನ್ನು ಬಿಟ್ಟು. ಇಂಗ್ಲಿಷಿನಲ್ಲಿ ಸಹಿ ಹಾಕುತ್ತಿದ್ದೆ, ಅಂಕಿ ಬರೆಯುತ್ತಿದ್ದೆ, ಅಷ್ಟೇ. ಷರಾ ಬರೆಯುವ ಅಂಕಣಗಳನ್ನು ಖಾಲಿ ಬಿಡುತ್ತಿದ್ದೆ. ಯಾರಾದರೂ ಕೇಳಿದರೆ ಕನ್ನಡಕ ಮರೆತು ಬಂದೆ ಎನ್ನುತ್ತಿದ್ದೆ. ನನಗೆ ಕನ್ನಡಕವೇ ಇರಲಿಲ್ಲ.

ಸೇರಿ ಒಂದು ವರ್ಷವಾಗಿತ್ತು. ಥಿಯೇಟರಿನಿಂದ ಕತ್ತರಿಗಳು 'ಮೊಂಡಾಗಿದೆ' ಎಂಬ ಚೀಟಿ ಕಟ್ಟಿಸಿಕೊಂಡು ಬರುತ್ತಿದ್ದವು. ಅವನ್ನು ಹೊರಗಿನ ರಿಪೇರಿಯವರಿಗೆ ಕಳಿಸಬೇಕು. ವಾರಗಟ್ಟಲೆ ಹಿಡಿಯುತ್ತಿತ್ತು, ಟ್ರೇಗಳಿಗೆ ಕತ್ತರಿ ಸಾಲುತ್ತಿರಲಿಲ್ಲ. ಸಾಣೆ ಗೊತ್ತಿದ್ದವನ ಎದುರಿಗೆ ಮೊಂಡು ಕತ್ತರಿ ಇಟ್ಟು ಸುಮ್ಮನಿರು ಎಂದರೆ ಹೇಗೆ? ನಾನು ಮೈಸೂರಿನಿಂದ ತಂದಿದ್ದ ಅಂಗೈಯಗಲದ ಸಾಣೆಕಲ್ಲನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಚೀಟಿ ಬಿಚ್ಚಿ, ಒಂದು ಹನಿ ಎಣ್ಣೆ ಬಿಟ್ಟು, ಅಂಚು ಎಬ್ಬಿಸಿ, ಕತ್ತರಿಯನ್ನು ತೊಳೆಯುವ ಯಂತ್ರಕ್ಕೆ ಹಾಕಿ ಟ್ರೇಗೆ ಸೇರಿಸಿದೆ. ಒಂದಾಯಿತು, ಎರಡಾಯಿತು, ನಾಲ್ಕು ತಿಂಗಳು ನಡೆಯಿತು. ಮೊಂಡು ಚೀಟಿ ಬರುವುದೇ ನಿಂತುಹೋಯಿತು. ಸರ್ಜನ್ ಒಬ್ಬರು, ಇತ್ತೀಚೆಗೆ ಕತ್ತರಿಗಳು ಬೆಣ್ಣೆಯಲ್ಲಿ ಹಾದಂತೆ ಓಡುತ್ತಿವೆ ಎಂದು ಹೇಳಿ ಕಳಿಸಿದರಂತೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬರೆಯಬೇಕಾಗುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಹಾಡು ನಿಂತಿತು.

ಸಿಸ್ಟರ್ ಭೂತಗನ್ನಡಿಯ ಕೆಳಗೆ ಕತ್ತರಿಯೊಂದನ್ನು ಹಿಡಿದಿದ್ದರು. ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ಕೀಲಿನ ಸಂದಿನಲ್ಲಿ ಬೂದಿಬಣ್ಣದ ಅಂಟು.

"ನಂಜುಂಡ, ಇದಕ್ಕೆ ಸಾಣೆ ಹಿಡಿದಿದ್ಯಾರು?"

"ನಾನೇ ಸಿಸ್ಟರ್." ಆ ಗಳಿಗೆಯಲ್ಲೂ ನನಗೆ ಹೆಮ್ಮೆಯೇ. "ಚೆನ್ನಾಗಿ ಕತ್ತರಿಸುತ್ತೆ, ಅಲ್ವಾ?"

"ಚೆನ್ನಾಗಿ ಕತ್ತರಿಸುತ್ತೆ. ಇನ್ನೆಷ್ಟಕ್ಕೆ ಹಿಡಿದಿದ್ದೀಯ?"

"ಬೇಜಾನ್ ಇರ್ಬೇಕು."

"ಯಾವ್ಯಾವ ಟ್ರೇ?"

ನಾನು ಟ್ರೇ ಜೋಡಿಸಿಟ್ಟ ಶೆಲ್ಫಿನ ಕಡೆ ನೋಡಿದೆ. ಆಗ ಅವರು ಹೇಳಿದರು. ಆಪರೇಷನ್ ಕತ್ತರಿಯ ಉಕ್ಕಿಗೆ ತುಕ್ಕು ಹತ್ತದಂತೆ ತೆಳ್ಳನೆಯ ರಕ್ಷಣೆಯ ಪದರ ಇರುತ್ತದೆ. ನಾನು ಅದನ್ನು ಉಜ್ಜಿ ತೆಗೆದಿದ್ದೆ. ಕಲ್ಲಿನ ಪುಡಿ, ಎಣ್ಣೆ ಸೇರಿ ಕೀಲಿನೊಳಗೆ ಗಟ್ಟಿ ಕೂತಿತ್ತು. ಎಣ್ಣೆ ಕೂತ ಜಾಗಕ್ಕೆ ಹಬೆ ಮುಟ್ಟುವುದಿಲ್ಲ. ಹಬೆ ಮುಟ್ಟದಿದ್ದರೆ ಕ್ರಿಮಿ ಸಾಯುವುದಿಲ್ಲ. ದರ್ಜಿಯ ಕತ್ತರಿಗೆ ಮಾಡಿದರೆ ಗಿರಾಕಿ ಕೈ ಮುಗಿಯುವ ಕೆಲಸವನ್ನು ನಾನು ಮನುಷ್ಯರ ಹೊಟ್ಟೆಯೊಳಗೆ ಹೋಗುವ ಕತ್ತರಿಗೆ ಮಾಡಿದ್ದೆ.

ಅವರು ಫೋನಿನ ಕಡೆ ಕೈ ಚಾಚಿದರು. ನಾನು ತಡೆದೆ. "ಸಿಸ್ಟರ್, ಸದ್ದಿಲ್ಲದೆ ಒಂದೊಂದೇ ಟ್ರೇ ತೆಗೆದು ಸರಿ ಮಾಡ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ನಿನಗೆ ಗೊತ್ತಾಯ್ತು. ನನಗೆ ಗೊತ್ತಾಯ್ತು. ಇನ್ನೂ ಎಷ್ಟು ಜನ ಬೇಕಯ್ಯಾ?"

ಥಿಯೇಟರಿಗೆ ಫೋನ್ ಮಾಡಿ, ಆ ಬಗೆಯ ಕತ್ತರಿ ಇರುವ ಯಾವ ಟ್ರೇಯನ್ನೂ ಬಿಚ್ಚಬೇಡಿ ಎಂದರು. ಯಾವುದರಲ್ಲಿ ನನ್ನ ಕತ್ತರಿ ಇದೆಯೆಂದು ಬರೆದಿಟ್ಟಿರಲಿಲ್ಲವಾದ್ದರಿಂದ ಗೋಡೆಯುದ್ದದ ಶೆಲ್ಫು ಇಡೀ ಕೆಳಗೆ ಬಂತು. ಅಂದಿನ ಎಷ್ಟೋ ಆಪರೇಷನ್ ನಿಂತವು. ವಿಭಾಗಗಳಿಗೆಲ್ಲ ಮೇಲಿನ ಮ್ಯಾನೇಜರ್ ಗ್ರೆಗ್ ಕೆಂಪಗಾಗಿ ಬಂದ. ಸಿಸ್ಟರ್ ಅವನಿಗೆ, "ಮೊದಲು ಕೆಲಸ, ಆಮೇಲೆ ಬೈಗುಳ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ತೋಳು ಹಿಡಿದು ಲಿಫ್ಟಿಗೆ ಎಳೆದುಕೊಂಡು ಹೋದರು. ಸೇರಿದಾಗಿನಿಂದ ನಾನು ಮೇಲಿನ ಮಹಡಿಗೆ ಹೋದದ್ದು ಅದೇ ಮೊದಲು.

ಕಾರಿಡಾರಿನ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಮಡಿಲಲ್ಲಿ ಸಣ್ಣ ಬ್ಯಾಗು. ಫ್ರೀಮ್ಯಾಂಟಲ್ ಬಂದರಿನಲ್ಲಿ ಜೀವನವಿಡೀ ಮೂಟೆ ಇಳಿಸಿದವನು. ಹರ್ನಿಯಾ ಆಪರೇಷನ್ನಿಗೆ ಸರ್ಕಾರಿ ಸಾಲಿನಲ್ಲಿ ಹನ್ನೊಂದು ತಿಂಗಳು ಕಾದು, ಅಂದು ಸರದಿ ಬಂದು, ಹಿಂದಿನ ಸಂಜೆಯಿಂದ ಉಪವಾಸವಿದ್ದು, ಈಗ ವಾಪಸು ಹೋಗು ಎನಿಸಿಕೊಂಡಿದ್ದ. ಖಾಸಗಿ ವಿಮೆ ಇದ್ದವರಿಗೆ ಆ ದೇಶದಲ್ಲಿ ಬೇರೆ ಸಾಲಿದೆ, ಅದು ಬೇಗ ಸರಿಯುತ್ತದೆ. ಇವನಿಗಿದ್ದದ್ದು ಸರ್ಕಾರ ಎಲ್ಲರಿಗೂ ಕೊಡುವ ಉಚಿತ ಚಿಕಿತ್ಸೆಯ ಹಸಿರು ಕಾರ್ಡು ಮಾತ್ರ.

"ಹೇಳು" ಅಂದರು ಸಿಸ್ಟರ್.

ನನ್ನ ಹರಕು ಇಂಗ್ಲಿಷಿನಲ್ಲಿ, ಕತ್ತರಿ ಕೆಡಿಸಿದವನು ನಾನು ಎಂದೆ. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋ ವರೀಸ್, ಮೇಟ್" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವನು, ಹತ್ತಿರದಲ್ಲಿ ಸರ್ವೊ ಎಲ್ಲಿದೆ, ಒಂದು ಪೈ ತಿನ್ನಬೇಕು, ಹೊಟ್ಟೆ ಬೆನ್ನಿಗಂಟಿದೆ ಎಂದು ಕೇಳಿದ. ಸರ್ವೊ ಅಂದರೆ ಪೆಟ್ರೋಲ್ ಬಂಕು, ಪೈ ಅಂದರೆ ಅಲ್ಲಿ ಸಿಗುವ ಮಾಂಸ ತುಂಬಿದ ಕಡುಬು. ನಾನು ಬಾಗಿಲತನಕ ಅವನ ಬ್ಯಾಗು ಹಿಡಿದುಕೊಂಡು ಹೋಗಿ ದಾರಿ ತೋರಿಸಿದೆ.

ಹಿಂದಿನ ನಾಲ್ಕು ತಿಂಗಳಲ್ಲಿ ಆಪರೇಷನ್ ಆದವರನ್ನೆಲ್ಲ ಆಸ್ಪತ್ರೆ ವಿಚಾರಿಸಿತು. ಯಾರಿಗೂ ಏನೂ ಆಗಿರಲಿಲ್ಲ. ಅದು ತಿಳಿಯಲು ಮೂರು ವಾರ ಹಿಡಿಯಿತು. ಆ ಮೂರು ವಾರ ಸುಧಾ ನನ್ನ ತಟ್ಟೆಗೆ ಬಡಿಸಿದ ಅನ್ನ ಹಾಗೇ ಎತ್ತಿಡುತ್ತಿದ್ದಳು.

ಘಟನೆಯ ವರದಿ ಆಗಬೇಕಿತ್ತು. "ನೀವೇ ಬರೆದ್ಬಿಡಿ, ನಾನು ಸಹಿ ಹಾಕ್ತೀನಿ" ಎಂದೆ.

"ನಾನು ಬರೆದ್ರೆ ಅದು ಚಾಡಿ. ನೀನು ಬರೆದ್ರೆ ರಿಪೋರ್ಟು."

"ನನಗೆ ಬರೆಯೋಕೆ ಬರಲ್ಲ, ಸಿಸ್ಟರ್. ಏಳನೇ ಕ್ಲಾಸು." ಆ ದೇಶದಲ್ಲಿ ಹೆಂಡತಿಯಲ್ಲದವರ ಎದುರು ನಾನು ಅದನ್ನು ಹೇಳಿದ್ದು ಮೊದಲ ಸಲ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇಲ್ಲದ ಕನ್ನಡಕ ಮರೆತು ಬರೋನ ವಿಷಯ ನನಗೆ ಗೊತ್ತಿಲ್ವಾ? ಕನ್ನಡದಲ್ಲಿ ಬರ್ಕೊಂಡ್ ಬಾ. ಇಂಗ್ಲಿಷಿಗೆ ಇಬ್ಬರೂ ಸೇರಿ ತಿರುಗಿಸೋಣ."

ಮೂರು ಹಾಳೆ ಬರೆದುಕೊಂಡು ಹೋದೆ. ಅವರು ಮನೆಯ ಅಡುಗೆ ಕಟ್ಟೆಗೆ ಒರಗಿ ಓದಿದರು. ಓದುತ್ತಾ ನಗು ಬಂದು ಹಾಳೆಯಿಂದ ಬಾಯಿ ಮುಚ್ಚಿಕೊಂಡರು. "ಎರಡೂವರೆ ಹಾಳೆ ನಿಮ್ಮಪ್ಪನ ಸಾಣೆ ಕತೇನೇ ಇದೆಯಲ್ಲಯ್ಯಾ! ಸೋಂಕು ನೋಡೋರಿಗೆ ನಿಮ್ಮಪ್ಪ ಯಾಕೆ? ಏನ್ ಮಾಡಿದೆ, ಯಾವುದರಲ್ಲಿ ಮಾಡಿದೆ, ಯಾವಾಗಿಂದ, ಯಾರಿಗೆ ಹೇಳಲಿಲ್ಲ. ಇಷ್ಟೇ ಬರಿ. ನಿಮ್ಮಪ್ಪನ್ನ ನನಗೆ ಹೇಳು, ಕಾಫಿ ಮಾಡ್ತೀನಿ." ಹೇಳಿದೆ. ಅವರು ಕೇಳಿಸಿಕೊಂಡರು. ಕೊನೆಗೆ ವರದಿ ಅರ್ಧ ಹಾಳೆ ಆಯಿತು. ಅದು ನಾನು ಬರೆದ ಮೊದಲ ಇಂಗ್ಲಿಷ್ ಬರಹ.

ಗ್ರೆಗ್ ನನ್ನನ್ನು ತೆಗೆಯಬೇಕೆಂದಿದ್ದ. ಅದೇ ಹೊತ್ತಿಗೆ, ಈ ಕೆಲಸದಲ್ಲಿರುವವರೆಲ್ಲ ಮುಂದಿನ ವರ್ಷದ ಕೊನೆಯೊಳಗೆ ಸರ್ಟಿಫಿಕೇಟ್ ಕೋರ್ಸು ಪಾಸಾಗಬೇಕು ಎಂದು ಆಸ್ಪತ್ರೆಯಲ್ಲಿ ಹೊಸ ನಿಯಮ ಬಂದಿತ್ತು. ಸಿಸ್ಟರ್ ನನ್ನೆದುರಿಗೇ ಅವನಿಗೆ ಹೇಳಿದರು: "ಅವಧಿಯೊಳಗೆ ಇವನು ಪಾಸಾಗಲಿಲ್ಲ ಅಂದ್ರೆ ನೀನು ತೆಗೆಯೋದು ಬೇಡ, ನಾನೇ ಬಾಗಿಲು ತೋರಿಸ್ತೀನಿ." ನನಗೆ ಎಚ್ಚರಿಕೆಯ ಪತ್ರ ಬಂತು. ಆರು ತಿಂಗಳು ಡರ್ಟಿ ಸೈಡಿನಲ್ಲಿ ಮಾತ್ರ ಕೆಲಸ.

ಕೋರ್ಸಿನ ಪುಸ್ತಕಗಳು ಅಡಿಲೇಡ್‌ನಿಂದ ಅಂಚೆಯಲ್ಲಿ ಬರುತ್ತಿದ್ದವು. ಟೀ ವಿರಾಮದ ಹದಿನೈದು ನಿಮಿಷ, ಶನಿವಾರ ಅವರ ಅಡುಗೆಮನೆ, ಇವೇ ನನ್ನ ಶಾಲೆ. ಮೆಚ್ಚಿಕೊಳ್ಳುವ ಗುಣ ಅವರಿಗಿರಲಿಲ್ಲ. ಸರಿಯಾದ ಉತ್ತರಕ್ಕೆ "ಮುಂದೆ" ಎನ್ನುತ್ತಿದ್ದರು. ತಪ್ಪಿಗೆ, "ಇದನ್ನ ಹೋಗಿ ಆ ಬಂದರಿನ ಅಜ್ಜನಿಗೆ ಹೇಳು, ಒಪ್ತಾನಾ ನೋಡೋಣ" ಎನ್ನುತ್ತಿದ್ದರು.

ಆಗಲೇ ಆ ಹೊಸ ಯಂತ್ರ ಬಂತು. ಸರ್ಜನ್ ದೂರದ ಕುರ್ಚಿಯಲ್ಲಿ ಕೂತು ಆಡಿಸಿದಂತೆ ಆಡುವ ಯಾಂತ್ರಿಕ ಕೈಗಳು. ಆಸ್ಪತ್ರೆಯವರಿಗೆಲ್ಲ ಹಬ್ಬ. ಮೊದಲ ಆಪರೇಷನ್ ನೋಡಲು ಸೋಮವಾರ ಮಂತ್ರಿಗಳು, ಟಿವಿಯವರು ಬರುವವರಿದ್ದರು. ನಾನು ಸಿಸ್ಟರ್ ಜೊತೆ ಜಗಳವನ್ನೇ ಆಡಿದೆ. "ಹರ್ನಿಯಾಕ್ಕೆ ಹನ್ನೊಂದು ತಿಂಗಳು ಕಾಯಿಸ್ತಾರೆ, ಈ ಬೊಂಬೆಗೆ ಸುರಿಯೋಕೆ ದುಡ್ಡಿದೆ ಇವರ ಹತ್ರ!"

"ತೂತು ಕೊರೆದು ಪಿತ್ತಕೋಶ ತೆಗೀತಾರಲ್ಲ ಈಗ, ನಾನು ನರ್ಸಾದಾಗ ಅದೂ ಬೊಂಬೇನೇ ಆಗಿತ್ತು" ಅಂದರು ಅವರು. "ಆಗ ಹೊಟ್ಟೆ ಇಷ್ಟಗಲ ಕೊಯ್ದು ಹತ್ತು ದಿನ ಮಲಗಿಸ್ತಿದ್ವಿ. ಈಗ ಮಾರನೇ ದಿನ ಮನೆ. ಹೊಸದು ಬರ್ಲಿ. ಆದ್ರೆ ಯಾವ ಹೊಸದಾದ್ರೂ ನಮ್ಮ ಸಿಂಕಿಗೆ ಇಳಿದೇ ಮೇಲಕ್ಕೆ ಹೋಗ್ಬೇಕು. ಅದನ್ನ ಕೊಳ್ಳೋರು ನಮ್ಮನ್ನ ಕೇಳಲ್ಲ, ಅದಕ್ಕೆ ನನಗೆ ಸಿಟ್ಟು."

ಅವರ ಸಿಟ್ಟು ನಿಜವಾಯಿತು. ಶುಕ್ರವಾರ ಕಂಪನಿಯವರು ತಂದ, ಆ ಕೈಗಳ ತುದಿಗೆ ಸಿಕ್ಕಿಸುವ ತೆಳ್ಳನೆಯ ತೋಳುಗಳನ್ನು ಡರ್ಟಿ ಸೈಡಿನಲ್ಲಿ ತೊಳೆಯಲು ಕೂತವನು ನಾನು. ಒಂದು ತುದಿಯಿಂದ ನೀರು ನುಗ್ಗಿಸಿದರೆ ಇನ್ನೊಂದು ತುದಿಯ ಎಲ್ಲ ಸಂದುಗಳಿಂದಲೂ ಹೊರಗೆ ಬರಬೇಕು. ಎರಡು ತೋಳುಗಳಲ್ಲಿ ಒಂದೇ ಕಡೆಯಿಂದ ಬರುತ್ತಿತ್ತು. ನಮ್ಮ ನಳಿಕೆಯ ಮೂತಿ ಆ ತೋಳಿನ ರಂಧ್ರಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಹೇಳಲೋ ಬೇಡವೋ? ತಲೆಯ ಮೇಲೆ ಎಚ್ಚರಿಕೆಯ ಪತ್ರ ತೂಗುತ್ತಿತ್ತು, ಸೋಮವಾರ ಮಂತ್ರಿ ಬರುವವರಿದ್ದರು, ನಾನು ಏಳನೇ ಕ್ಲಾಸಿನವನು. ಆಮೇಲೆ ಷರಾ ಅಂಕಣದಲ್ಲಿ ಇಂಗ್ಲಿಷಿನಲ್ಲಿ, ಯಾರ ಸಹಾಯವೂ ಇಲ್ಲದೆ, ಎರಡು ಸಾಲು ಬರೆದೆ: ಎರಡು ತೋಳಿನಲ್ಲಿ ನೀರು ಪೂರ್ತಿ ಹಾಯುತ್ತಿಲ್ಲ. ತೊಳೆದಾಯಿತು ಎಂದು ನಾನು ಹೇಳಲಾರೆ. ಕೆಳಗೆ ಪೂರ್ತಿ ಹೆಸರು ಹಾಕಿದೆ.

ಸಿಸ್ಟರ್ ಅದನ್ನು ಎರಡು ಸಲ ಓದಿದರು. ತಾವೇ ಕೂತು ನೀರು ನುಗ್ಗಿಸಿ ನೋಡಿದರು. ಆಮೇಲೆ ಹಾಳೆಯನ್ನು ಎತ್ತಿಕೊಂಡು ಗ್ರೆಗ್‌ನ ಕೋಣೆಗೆ ಹೋದರು. ನನ್ನನ್ನೂ ಕರೆದರು.

"ಸಗ್ಸ್, ಸೋಮವಾರ ಟಿವಿ ಬರುತ್ತೆ" ಅಂದ ಗ್ರೆಗ್.

"ಬರಲಿ. ಯಂತ್ರ ಥಿಯೇಟರಿನಲ್ಲೇ ನಿಂತಿರುತ್ತೆ, ಫೋಟೊ ತೆಗೆದುಕೊಳ್ಳಲಿ. ಈ ತೋಳುಗಳು ನನ್ನ ಬಾಗಿಲು ದಾಟಲ್ಲ."

"ನಿನ್ನ ಮನುಷ್ಯ ತಪ್ಪು ತಿಳಿದುಕೊಂಡಿರಬಹುದಲ್ಲವೇ? ಕತ್ತರಿಯ ವಿಷಯದಲ್ಲಿ ಏನು ಮಾಡಿದ ಅಂತ ಗೊತ್ತಿದೆ."

"ಆಗ ಅವನು ಬರೆಯಲಿಲ್ಲ, ಅದಕ್ಕೆ ಬೈದೆ. ಈಗ ಬರೆದಿದ್ದಾನೆ. ಈಗ ಅದನ್ನು ಓದುವುದು ನಿನ್ನ ಕೆಲಸ."

ನನ್ನ ಬದುಕಿನಲ್ಲಿ ನನ್ನ ಅಕ್ಷರಕ್ಕೆ ಯಾರಾದರೂ ಹಾಗೆ ಎದೆ ಕೊಟ್ಟು ನಿಂತದ್ದು ಅದೊಂದೇ ಸಲ. ಗ್ರೆಗ್ ಕಂಪನಿಯ ಇಂಜಿನಿಯರನ್ನು ಕರೆಸಿದ. ಆತ ಅರ್ಧ ದಿನ ಕೂತು ನೋಡಿ, ನಳಿಕೆಗೆ ಬೇರೆ ಮೂತಿ ಬೇಕೆಂದು ಒಪ್ಪಿಕೊಂಡ. ಸೋಮವಾರ ಮಂತ್ರಿಗಳು ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದರು. ಎರಡು ವಾರದ ಮೇಲೆ ಹೊಸ ಮೂತಿ ಬಂತು. ನೀರು ಎಲ್ಲ ಸಂದಿನಿಂದಲೂ ಮಲ್ಲಿಗೆ ಚೆಲ್ಲಿದಂತೆ ಹೊರಗೆ ಚಿಮ್ಮಿತು. ಆಮೇಲೆಯೇ ಮೊದಲ ಆಪರೇಷನ್. ಅದು ಚೆನ್ನಾಗಿ ಆಯಿತು.

ವರ್ಷದ ಕೊನೆಗೆ ಅಡಿಲೇಡ್‌ನಿಂದ ಪರೀಕ್ಷಕಿ ಬಂದರು. ನಾನು ಮೂರು ದಿನ ಅವರೆದುರು ಕೆಲಸ ಮಾಡಿದೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಬರೆದೆ. ನನ್ನ ಬರವಣಿಗೆಯ ಮಾದರಿ ಎಂದು ಸಿಸ್ಟರ್ ಕೊಟ್ಟದ್ದು ಎರಡು ಕಾಗದ: ಕತ್ತರಿಯ ಅರ್ಧ ಹಾಳೆ, ತೋಳಿನ ಎರಡು ಸಾಲು. ಪಾಸಾದೆನೆಂದು ಪತ್ರ ಬಂದ ದಿನ ಅವರಿಗೆ ತೋರಿಸಿದೆ. ಓದಿ, ಮಡಿಸಿ, ವಾಪಸು ಕೊಟ್ಟರು.

"ಮುಂದೆ" ಅಂದರು.

ನಾನು ಶೌಚಾಲಯಕ್ಕೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಕ್ಲೀನ್ ಸೈಡಿನಲ್ಲಿ ನಿಂತೆ.

ಅವರು ನಿವೃತ್ತರಾಗುವ ಮೊದಲಿನಿಂದಲೇ ಬಲಗಾಲಿನ ಮಂಡಿ ಸವೆದಿತ್ತು. ಮಂಡಿ ಬದಲಿಸಬೇಕೆಂದು ಡಾಕ್ಟರು ಹೇಳಿದರು. ಮಗಳು ಬ್ರಿಸ್ಬೇನ್‌ನಿಂದ ಫೋನ್ ಮಾಡಿ ಮಾಡಿ, ಖಾಸಗಿಯಲ್ಲಿ ಮಾಡಿಸು, ಮುಂದಿನ ತಿಂಗಳೇ ಆಗುತ್ತದೆ ಎಂದು ಗೋಗರೆದಳು. ಸಿಸ್ಟರ್ ಹೋಗಿ ಸರ್ಕಾರಿ ಸಾಲಿನಲ್ಲೇ ಹೆಸರು ಬರೆಸಿದರು. ಒಂದು ವರ್ಷಕ್ಕಿಂತ ಹೆಚ್ಚು ಕೋಲು ಹಿಡಿದು ಕುಂಟಿದರು. ನನಗೇ ತಡೆಯದೆ ಕೇಳಿದೆ, ಯಾಕೆ ಈ ಹಟ ಎಂದು.

"ಇಪ್ಪತ್ತು ವರ್ಷ ನಾನು ಟ್ರೇ ಕಳಿಸಿದ್ದು ಆ ಸಾಲಲ್ಲಿ ನಿಂತಿರೋರಿಗೆ. ಟ್ರೇ ಮೇಲೆ ಆಪರೇಷನ್ ಹೆಸರಿರುತ್ತೆ, ರೋಗಿ ಹೆಸರಿರಲ್ಲ. ಜಡ್ಜಿಗೂ ಅದೇ, ಟ್ಯಾಕ್ಸಿ ಓಡಿಸೋನಿಗೂ ಅದೇ. ಅದನ್ನ ನೆಚ್ಕೊಂಡೇ ಕೆಲಸ ಮಾಡಿದೆ. ಈಗ ನನ್ನ ಮಂಡಿ ಬಂದಾಗ ಬೇರೆ ಬಾಗಿಲಲ್ಲಿ ಹೋದ್ರೆ, ಅಷ್ಟು ವರ್ಷ ಹೇಳಿದ್ದು ಸುಳ್ಳಾಗಲ್ವಾ?"

"ಸಾಲು ಉದ್ದ ಇದೆಯಲ್ಲ, ಸಿಸ್ಟರ್."

"ಇದೆ. ಅದಕ್ಕೆ ಎಂಎಲ್‌ಎಗೆ ಕಾಗದ ಬರೆದಿದ್ದೀನಿ, ನಾಲ್ಕು. ಐದನೇದು ನೀನು ಬರಿ. ಈಗ ಬರುತ್ತಲ್ಲ ನಿನಗೆ." ಬರೆದೆ. ಅಲ್ಲಿಂದ ಉತ್ತರವೂ ಬಂತು, ಪರಿಶೀಲಿಸುತ್ತೇವೆ ಎಂದು.

ಆಪರೇಷನ್ ಆಗಿ ಕಾಲು ಆಡತೊಡಗಿದ ಮೇಲೆ, ನಾನು ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ, ಮಗಳು ಬಂದು ಅವರನ್ನು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ಗೆ ಕರೆದುಕೊಂಡು ಹೋದಳು. ದೇಶದ ಆ ತುದಿಗೂ ಈ ತುದಿಗೂ ವಿಮಾನದಲ್ಲೇ ನಾಲ್ಕೈದು ಗಂಟೆ. ಹೋಗುತ್ತೇನೆ ಎಂದು ಎರಡು ವರ್ಷ ಅಂದುಕೊಂಡೆ. ಎರಡನೇ ವರ್ಷ ಅವರ ಹೃದಯ ನಿದ್ದೆಯಲ್ಲೇ ನಿಂತಿತು ಎಂದು ಮಗಳು ಫೋನ್ ಮಾಡಿದಳು. ಅಮ್ಮ ಆ ಮಂಡಿಯಲ್ಲಿ ಕೆರೆಯ ಸುತ್ತ ದಿನವೂ ನಡೆಯುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಹಾಗಾಗಿ ನಾನು ಅವರನ್ನು ಕೊನೆಯ ಸಲ ಕಂಡದ್ದು ಮಂಡಿ ಆಪರೇಷನ್ನಿನ ಮಾರನೇ ದಿನ, ವಾರ್ಡಿನಲ್ಲಿ. ನಾಲ್ಕು ಹಾಸಿಗೆಯ ಸರ್ಕಾರಿ ಕೋಣೆ. ಪಕ್ಕದ ಹಾಸಿಗೆಯಲ್ಲಿ ಅಂದೇ ಬೆಳಿಗ್ಗೆ ಸೊಂಟದ ಕೀಲು ಬದಲಿಸಿಕೊಂಡಿದ್ದ ಬಿಳಿ ಹೆಂಗಸು. ನಾನು ಪಾಳಿ ಮುಗಿಸಿ ಬಟ್ಟೆ ಬದಲಿಸಿಕೊಂಡು ಹೋದೆ. ಸಿಸ್ಟರ್ ದಿಂಬಿಗೆ ಒರಗಿ ಕೂತಿದ್ದರು. ಹೇಗಿದ್ದೀರಿ ಎಂದು ಕೇಳಲು ಬಿಡಲಿಲ್ಲ.

"ನನ್ನ ಟ್ರೇ ನೋಡಿದ್ಯಾರು?"

"ನಾನೇ. ಏಳು ಟ್ರೇ. ಈ ವಾರದ ಮಂಡಿ, ಸೊಂಟ ಎಲ್ಲಾ ನಾನೇ."

"ನನ್ನದು ಅಂತ ಗೊತ್ತಿತ್ತಾ?"

"ನೀವೇ ತಾನೇ ಫೋನ್ ಮಾಡಿ ನಾಳೆ ಮೊದಲನೇ ಕೇಸು ನಂದು ಅಂದಿದ್ದು?"

"ಎಷ್ಟು ಹೊತ್ತು ತಗೊಂಡೆ?"

ಏಳನೇ ಟ್ರೇ ಸುತ್ತುವ ಮೊದಲು ಎಲ್ಲವನ್ನೂ ಇನ್ನೊಂದು ಸಲ ನೋಡಿಬಿಡಲೇ ಎಂದು ಕೈ ಹೋಗಿತ್ತು. ನನಗೆ ಬರಹ ಕೊಟ್ಟ ಹೆಂಗಸಿನ ಮಂಡಿ ಅದು. ಆದರೆ ಪಕ್ಕದ ಗಾಡಿಯಲ್ಲಿ ಬೇರೆಯವರ ಟ್ರೇಗಳು ಕಾಯುತ್ತಿದ್ದವು. ಕೈ ಹಿಂದಕ್ಕೆ ತೆಗೆದೆ. ಸಹಿ ಹಾಕಿದೆ.

"ದಿನಾ ಎಷ್ಟು ತಗೋತೀನೋ ಅಷ್ಟೇ."

"ಒಂದು ನಿಮಿಷಾನೂ ಜಾಸ್ತಿ ಇಲ್ಲ?"

"ಇಲ್ಲ. ಟೈಮು ಕಂಪ್ಯೂಟರಲ್ಲಿದೆ, ತರಿಸಿ ನೋಡಿ."

ಅವರು ನಕ್ಕರು. ನಕ್ಕದ್ದಕ್ಕೆ ಕಾಲು ನೊಂದು ಅಮ್ಮಾ ಎಂದರು. ಹಾಗೇ ಪಕ್ಕದ ಹಾಸಿಗೆಯ ಕಡೆ ತಿರುಗಿ, ನನ್ನ ಕಡೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದರು:

"ಇವರು ಮಿಸ್ಟರ್ ನಂಜುಂಡಸ್ವಾಮಿ. ನಿಮ್ಮ ಸೊಂಟದ ಸಲಕರಣೆ ನೋಡಿದ್ದೂ ಇವರೇ. ನಿಮಗೂ ಅಷ್ಟೇ ಹೊತ್ತು."

ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದು ನನ್ನತ್ತ ಚಾಚಿದರು. ನಾನು ಹೋಗಿ ಕುಲುಕಿದೆ.